ನುಂಗಿಹೋದ ಅಕ್ಷರ

ಬೆಳಿಗ್ಗೆ ಹೆಂಡತಿ ಒಲೆಯ ಕಡೆ ಮುಖ ಮಾಡಿಕೊಂಡು, ಅವನಿಗೆ ಬೆನ್ನು ಕೊಟ್ಟು, ಏನೋ ಕೇಳಿದಳು. ಅವನು ಹೂಂ ಅಂದ. ಬಸ್ಸು ಹತ್ತಿ ಕೂತ ಮೇಲೂ ಆ ಹೂಂ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕಾಡುತ್ತಲೇ ಇತ್ತು. ಯಾವುದಕ್ಕೆ ಒಪ್ಪಿಕೊಂಡೆ? ಅವಳು ತಿರುಗಿ ನೋಡಿದ್ದಳು. ಇಷ್ಟು ಸಲೀಸಾಗಿ ಒಪ್ಪುತ್ತಾನೆಂದು ಎಣಿಸಿರಲಿಲ್ಲ ಅನ್ನುವ ಹಾಗೆ ಒಂದು ಕ್ಷಣ ನೋಡಿ, ಒದ್ದೆ ಕೈ ಒರೆಸಿಕೊಂಡು ಒಳಗೆ ಹೋಗಿ ಯಾರಿಗೋ ಫೋನು ಮಾಡಿದ್ದಳು. ಕೇಳಿಸದಿದ್ದಾಗ ಹೂಂ ಅನ್ನುವುದು ಎರಡು ವರ್ಷದ ರೂಢಿ. ಹೂಂ ಅಂದರೆ ಜನಕ್ಕೆ ಸಂತೋಷ, ಮತ್ತೆ ಕೇಳುವುದಿಲ್ಲ. ಊಹೂಂ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಅನ್ನುವುದಕ್ಕೆ ಮೊದಲು ಏನು ಅನ್ನುವುದು ಗೊತ್ತಿರಬೇಕಲ್ಲ. ಆರು ತಿಂಗಳ ಹಿಂದೆ ಕ್ಷೌರದವನು ಏನೋ ಕೇಳಿದಾಗ ಹೂಂ ಅಂದು ಹದಿನೆಂಟು ವರ್ಷದ ಮೀಸೆ ನೆಲಕ್ಕೆ ಬಿದ್ದಿತ್ತು. ಮನೆಗೆ ಬಂದಾಗ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು, ಆಮೇಲೆ ನಗು ನಿಲ್ಲಿಸಿ ಅವನನ್ನೇ ದಿಟ್ಟಿಸಿದ್ದಳು. ಆ ದಿನದಿಂದ ಅವಳು ಏನು ಹೇಳುವುದಿದ್ದರೂ ಎದುರಿಗೆ ಬಂದು ನಿಂತು, ತುಟಿ ಬಿಡಿಸಿ ಹೇಳುತ್ತಿದ್ದಳು. ಯಾಕೆಂದು ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಇವತ್ತು ಮಾತ್ರ ಬೆನ್ನು ಹಾಕಿ ಕೇಳಿದ್ದಳು.

ಸೋಮವಾರ ಗೋ-ಕಾರ್ಟ್ ಟ್ರ್ಯಾಕಿಗೆ ರಜ. ತಗಡಿನ ಶೆಡ್ಡಿನಲ್ಲಿ ಹನ್ನೊಂದು ಕಾರ್ಟುಗಳು, ಜನ ಟಿಕೆಟ್ಟು ಕೊಂಡು ಓಡಿಸುವ ಒಂಟಿ ಸೀಟಿನ ಪುಟ್ಟ ರೇಸು ಗಾಡಿಗಳು, ಕೆಸರು ಮೆತ್ತಿದ ಚಕ್ರಗಳ ಮೇಲೆ ಸಾಲಾಗಿ ನಿಂತಿದ್ದವು. ಹನ್ನೆರಡನೆಯದು, ಎಲ್ಲೋ ಮುಚ್ಚಿಹೋದ ಟ್ರ್ಯಾಕಿನಿಂದ ಯಜಮಾನ ಎತ್ತಿಕೊಂಡು ಬಂದ ಹಳೆಯದು, ಎಂಜಿನ್ನಿಲ್ಲದ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿಸಿಕೊಂಡು ಕೂತಿತ್ತು. ಅದಕ್ಕೊಂದು ನೀರೆತ್ತುವ ಪಂಪಿನ ಎಂಜಿನ್ನು, ಒಂದು ಟಾರ್ಕ್ ಕನ್ವರ್ಟರು: ಎಂಜಿನ್ನಿನ ಶಾಫ್ಟಿಗೊಂದು ಪುಲ್ಲಿ, ಹಿಂದಿನ ಅಡ್ಡ ಶಾಫ್ಟಿಗೊಂದು ಪುಲ್ಲಿ, ನಡುವೆ ಒಂದು ಬೆಲ್ಟು. ಎರಡನ್ನೂ ಜೋಡಿ ಕೂಡಿಸಿ ಮಧ್ಯಾಹ್ನ ಮೂರರೊಳಗೆ ಯಜಮಾನನಿಗೆ ಓಡಿಸಿ ತೋರಿಸಬೇಕು. ಜೋಡಿ ಕೂಡಿಸುವುದೆಂದರೆ ಬೋಲ್ಟು ಬಿಗಿಯುವುದಲ್ಲ. ಯಾರೂ ಪೆಡಲು ಒತ್ತದೆ ಎಂಜಿನ್ನು ಸ್ಲೋನಲ್ಲಿ ಸುಮ್ಮನೆ ಗುನುಗುತ್ತ ನಿಂತಾಗ ಪುಲ್ಲಿ ಬೆಲ್ಟನ್ನು ಮುಟ್ಟಬಾರದು. ಕಾಲು ಒತ್ತಿದಾಗ ಮಾತ್ರ ಒಳಗಿನ ಸ್ಪ್ರಿಂಗನ್ನು ಸೋಲಿಸಿ ಅದರ ತಟ್ಟೆಗಳು ಹತ್ತಿರ ಬಂದು ಬೆಲ್ಟನ್ನು ಹಿಡಿಯಬೇಕು. ಸ್ಪ್ರಿಂಗು ಮೆತ್ತಗಿದ್ದರೆ, ಅಥವಾ ಎಂಜಿನ್ನಿನ ಗುನುಗು ಏರಿದ್ದರೆ, ಯಾರೂ ಪೆಡಲು ಮುಟ್ಟದೆಯೇ ಗಾಡಿ ತಾನಾಗಿ ತೆವಳುತ್ತದೆ. ಮುಂದೆ ಯಾರು ನಿಂತಿದ್ದಾರೆಂದು ಅದು ನೋಡುವುದಿಲ್ಲ. ಆ ಗುನುಗನ್ನು ಅಳೆಯಲು ಬೇರೆ ಕಡೆ ಮೀಟರು ಇರುತ್ತದೆ. ಇಲ್ಲಿ ಇವನಿದ್ದ. 'ಮೀಟರ್' ಅಂತಲೇ ಇವನ ಹೆಸರು. ಹೊಸದರಲ್ಲಿ ಯಜಮಾನ ಮೀಟರು ತರಿಸಲಾ ಅಂದಾಗ, ಕಿವಿ ಇರೋವಾಗ ಅದ್ಯಾಕೆ ಯಜಮಾನ್ರೇ, ಅಂದಿದ್ದು ತಾನೇ. ಆ ಜಂಭವನ್ನು ನೆನೆದಾಗೆಲ್ಲ ಈಗ ಕತ್ತು ಬಿಸಿಯಾಗುತ್ತದೆ. ಹದಿನಾಲ್ಕು ವರ್ಷ ಈ ತಗಡಿನ ಡಬ್ಬಿಯೊಳಗೆ ಹನ್ನೊಂದು ಎಂಜಿನ್ನುಗಳು ಒಟ್ಟಿಗೆ ಬೊಬ್ಬೆ ಹಾಕಿ ಆ ಕಿವಿಯನ್ನು ತಿಂದು ಮುಗಿಸಿದವು. ತಪಾಸಣೆಯವರು ಬರುವ ದಿನ ಬೆಳಿಗ್ಗೆ ಯಜಮಾನನೇ ಕಿವಿಗೆ ಹಾಕುವ ಮುಚ್ಚಳಗಳನ್ನು ತಂದು ಮೊಳೆಗೆ ನೇತುಹಾಕುತ್ತಿದ್ದ, ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ. ಅವರ ಕಾರು ಗೇಟು ದಾಟುವ ಮೊದಲೇ ಮತ್ತೆ ಕಪಾಟಿಗೆ. "ಇವು ಹಾಕ್ಕೊಂಡ್ರೆ ನಿಂಗೆ ಎಂಜಿನ್ ಹೆಂಗೋ ಕೇಳ್ಸುತ್ತೆ ಮೀಟರ್?" ಅಂತ ಬೆನ್ನು ತಟ್ಟಿದ್ದ. ಬೆನ್ನು ತಟ್ಟಿಸಿಕೊಂಡು ತಾನೂ ನಕ್ಕಿದ್ದ.

ಈಗ ಅವನು ಹಲ್ಲಿನಿಂದ ಕೇಳುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದರೆ ಗುನುಗು ದವಡೆಯ ಮೂಳೆ ಹತ್ತಿ ತಲೆಯೊಳಕ್ಕೆ ಬರುತ್ತಿತ್ತು. ಬರುವುದು ಬುಡದ ದಪ್ಪ ಸದ್ದು ಮಾತ್ರ. ಹಕ್ಕಿ, ಬಸ್ಸಿನ ಬ್ರೇಕು, ಫೋನಿನ ಗಂಟೆ, ಹೆಂಗಸರ ದನಿ, ಮಾತಿನ ಮೊದಲ ಮೆತ್ತನೆಯ ಅಕ್ಷರ, ಇವೆಲ್ಲ ಒಂದೊಂದಾಗಿ ಹೇಳದೆ ಕೇಳದೆ ಮನೆ ಖಾಲಿ ಮಾಡಿ ಹೋದ ಬಾಡಿಗೆದಾರರ ಹಾಗೆ ಹೋಗಿದ್ದವು. ಪುಲ್ಲಿಯ ತೂತಿಗೂ ಶಾಫ್ಟಿಗೂ ಅಳತೆ ನೋಡಿ, ಜಾರದ ಹಾಗೆ ನಡುವೆ ಉಕ್ಕಿನ ಕೀ ಕೂರಿಸಿ, ಎರಡು ಪುಲ್ಲಿಗಳ ನಡುವೆ ಉಕ್ಕಿನ ಪಟ್ಟಿ ಹಿಡಿದು ಸಾಲು ನೋಡಿ, ಬೆಲ್ಟಿನ ಚಪ್ಪಟೆ ಮಗ್ಗುಲನ್ನು ಎಂಜಿನ್ನಿನ ಕಡೆಗೆ ತಿರುಗಿಸಿ ಹಾಕಿದ. ಡಬ್ಬಿಯಲ್ಲಿ ಎರಡು ಸ್ಪ್ರಿಂಗುಗಳಿದ್ದವು, ಒಂದು ಮೆತ್ತಗಿನದು, ಒಂದು ಬಿರುಸಿನದು. "ಮೆತ್ತಗಿಂದೇ ಹಾಕು," ಅಂದಿದ್ದ ಯಜಮಾನ ನಿನ್ನೆ. "ಕಾಲಿಟ್ರೆ ಹಾರ್ಬೇಕು. ಸ್ಲೋನೂ ಸ್ವಲ್ಪ ಏರ್ಸು, ತಿರುವಲ್ಲಿ ನಿಂತ್ಹೋಗ್ಬಾರ್ದು." ಆಮೇಲೆ, ಕಾರಿನ ಬಾಗಿಲು ಅರ್ಧ ತೆರೆದು, "ನಾಳಿದ್ದು ಹನ್ನೊಂದಕ್ಕೆ ಕಾರ್ಮಿಕ ಕಚೇರಿ, ನಿನ್ ಭಾಮೈದನ ಪರಿಹಾರದ ಕೇಸು. ಬರ್ದುಕೊಟ್ಟಿದ್ದನ್ನೇ ಹೇಳು. ಒಂದಕ್ಷರ ಆಚೀಚೆ ಆಗ್ಬಾರ್ದು." ಆ ಮಾತು ಅವನಿಗೆ ಚೆನ್ನಾಗಿ ಕೇಳಿಸಿತ್ತು. ಯಜಮಾನನ ದನಿ ಯಾವಾಗಲೂ ಬುಡದ ದನಿ. ನಾಳಿದ್ದು ಈಗ ನಾಳೆಯಾಗಿತ್ತು.

ಒಂದಕ್ಷರ. ಎಂಟು ತಿಂಗಳ ಹಿಂದೆ ಇದೇ ಸ್ಟ್ಯಾಂಡಿನ ಪಕ್ಕ ಭಾಮೈದ, ಹೆಂಡತಿಯ ಒಬ್ಬನೇ ತಮ್ಮ, ತಾನೇ ಕೈಹಿಡಿದು ತಂದು ಕೆಲಸಕ್ಕೆ ಹಚ್ಚಿದವನು, ಕಾರ್ಟಿನ ಹಿಂದೆ ಬಾಗಿ ಚೈನು ಹಲ್ಲಿಗೆ ಕೂರಿಸುತ್ತಿದ್ದ. ಆಚೆ ನಾಲ್ಕು ಕಾರ್ಟುಗಳು ಗುಟುರು ಹಾಕುತ್ತಿದ್ದವು. ಕೈ ತೆಗೆದ್ಯೇನೋ? ಅಂತ ಇವನು ಕೂಗಿದ. ಹೂಂ, ಅಂತ ಕೇಳಿಸಿತು. ಎಂಜಿನ್ನು ಹಚ್ಚುವ ಹಗ್ಗ ಎಳೆದ. ಕೇಳಿಸಿದ್ದು ಹೂಂ ಅಂತಲೇ, ಅದರಲ್ಲಿ ಸುಳ್ಳಿಲ್ಲ. ಮಾರನೇ ದಿನ ಯಜಮಾನ ಮುಂದಿಟ್ಟ ಕಾಗದದಲ್ಲಿ ಹಾಗೇ ಬರೆದಿತ್ತು: ಕೈಯನ್ನು ತೆಗೆದಿರುವುದಾಗಿ ಸದರಿ ಕೆಲಸಗಾರನು ಸ್ಪಷ್ಟವಾಗಿ ಹೂಂ ಎಂದು ತಿಳಿಸಿದ ನಂತರವೇ ಯಂತ್ರವನ್ನು ಚಲಾಯಿಸಲಾಯಿತು. ಚಲಾಯಿಸಲಾಯಿತು. ಯಾರೂ ಚಲಾಯಿಸಲಿಲ್ಲ, ಚಲಾಯಿಸಲಾಯಿತು, ಬೆರಳುಗಳು ಕತ್ತರಿಸಲ್ಪಟ್ಟವು, ಕೆಲಸದಿಂದ ತೆಗೆಯಲಾಯಿತು. ದೇಶದ ಕಾಗದಗಳಲ್ಲೆಲ್ಲ ಹೀಗೆ ಯಾರೂ ಇಲ್ಲದೆ ಎಲ್ಲವೂ ನಡೆದುಹೋಗುತ್ತದೆ, ಕೆಳಗೆ ಸಹಿ ಹಾಕಲು ಮಾತ್ರ ಒಬ್ಬ ಬೇಕು. ಅವನು ಹಾಕಿದ. ಸಹಿ ಹಾಕಿದ ಎರಡನೇ ದಿನ ಹೆಂಡತಿಯ ಲೋಟಕ್ಕೆ ಚಹಾ ಬಗ್ಗಿಸುತ್ತ, ಇನ್ನೂ ಸ್ವಲ್ಪ ಬೇಕಾ ಅಂದ. ಆಸ್ಪತ್ರೆಯಲ್ಲಿ ತಮ್ಮನ ಪಕ್ಕ ರಾತ್ರಿಯೆಲ್ಲ ಕೂತು ಬಂದು ಗೋಡೆ ನೋಡುತ್ತ ಕೂತಿದ್ದ ಅವಳು, ಹೂಂ, ಅಂದಳು. ಬಗ್ಗಿಸಿದ. ಲೋಟ ತುಂಬಿ ಉಕ್ಕಿ ಅವಳ ಕೈಮೇಲೆ ಹರಿಯಿತು. "ಊಹೂಂ ಅಂದ್ನಲ್ರೀ!" ಅಂತ ಅವಳು ಚೀರಿದಳು, ಎದುರಿಗೆ ತಿರುಗಿ, ಬಾಯಿ ತುಂಬ. ಅವನು ಚಹಾದ ಪಾತ್ರೆ ಹಿಡಿದುಕೊಂಡೇ ನಿಂತಿದ್ದ. ಒಂದು ಊ. ಎಂಜಿನ್ನು ನುಂಗಿದ್ದು, ಕಿವಿ ನುಂಗಿದ್ದು, ಎರಡು ಬೆರಳು ನುಂಗಿದ್ದು ಆ ಒಂದು ಊ. ಒಲೆ ಒರೆಸುವ ಬಟ್ಟೆ ತಂದು ನೆಲ ಒರೆಸಿದ. ಯಾರಿಗೂ ಹೇಳಲಿಲ್ಲ. ಎಂಟು ತಿಂಗಳು ಹೇಳಲಿಲ್ಲ.

ನೆರಳು ಬಿದ್ದಾಗಲೇ ಗೊತ್ತಾಗಿದ್ದು, ಹಿಂದಿನ ಗೇಟಿನಿಂದ ಯಾರೋ ಒಳಗೆ ಬಂದಿದ್ದಾರೆ ಅಂತ. ಭಾಮೈದ. ಎಡಗೈಯಲ್ಲಿ ಊಟದ ಡಬ್ಬಿ. ಬಲಗೈಯನ್ನು ಜೇಬಿನಿಂದ ತೆಗೆದು ಅರ್ಧಕ್ಕೆ ಎತ್ತಿದ.

"ನಮಸ್ಕಾರ ಭಾವ. ಎಂಟೇ ಬೆರಳು, ಅಡ್ಜಸ್ಟ್ ಮಾಡ್ಕೊಳ್ಳಿ."

ಆ ಆಸ್ಪತ್ರೆಯ ದಿನಗಳ ಮೇಲೆ ಇವರಿಬ್ಬರೂ ಮಾತಾಡಿದ್ದಿಲ್ಲ. ಭಾಮೈದ ಮನೆಗೆ ಬಂದರೆ ಇವನು ಅಂಗಡಿಗೆ ಹೋಗುತ್ತಿದ್ದ. ಇವನು ಅಂಗಡಿಯಿಂದ ಬರುವಷ್ಟರಲ್ಲಿ ಅವನು ಹೋಗಿರುತ್ತಿದ್ದ. ಈಗ ಅವನು ನಗುತ್ತಿದ್ದ. ಅವನ ತುಟಿಗಳನ್ನೇ ನೋಡುತ್ತ ಇವನು ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸಿದ.

"ಅಕ್ಕ ಬೆಳಿಗ್ಗೇನೇ ಫೋನ್ ಮಾಡಿದ್ಲು. ನಂಬ್ಲೇ ಇಲ್ಲ ನಾನು. ನಿಜವಾಗ್ಲೂ ಹೂಂ ಅಂದ್ರಾ, ನೀನೇನಾದ್ರೂ ಕನಸು ಕಂಡ್ಯಾ ಅಂದೆ."

"ಹೂಂ," ಅಂದ ಇವನು.

"ದೊಡ್ಡ ಮನಸ್ಸು ಭಾವ ನಿಮ್ದು. ಬೇರೆಯವ್ರಾಗಿದ್ರೆ..." ಭಾಮೈದ ಅತ್ತ ತಿರುಗಿ ಡಬ್ಬಿಯನ್ನು ಬೆಂಚಿನ ಮೇಲಿಟ್ಟ, ಮಾತಿನ ಬಾಲ ಗೋಡೆಗೆ ಹೋಯಿತು.

"ಹೂಂ, ಹೂಂ."

ಯಾವುದಕ್ಕೆ? ಕೇಳಿಬಿಡಬಹುದಿತ್ತು. ನಿನ್ನ ಅಕ್ಕ ಕೇಳಿದ್ದೇನು ಅಂತ ಕೇಳಿದರೆ ಕೇಳಿಸಿರಲಿಲ್ಲ ಅಂತಾಗುತ್ತದೆ. ಇವತ್ತು ಕೇಳಿಸಿರಲಿಲ್ಲ ಅಂದರೆ ಅವತ್ತು? ಒಂದು ಎಳೆ ಹಿಡಿದು ಎಳೆದರೆ ಇಡೀ ಸ್ವೆಟರು ಬಿಚ್ಚಿಕೊಂಡು ತಾನು ಬರಿಮೈಯಲ್ಲಿ ನಿಲ್ಲಬೇಕಾಗುತ್ತದೆ. "ಎಂಜಿನ್ ಹಚ್ತೀನಿ, ಬ್ರೇಕ್ ಒತ್ತಿ ಹಿಡ್ಕೋ," ಅಂದ. ಕೆಲಸ ಕೊಟ್ಟರೆ ಮಾತು ನಿಲ್ಲುತ್ತದೆ. ಇಬ್ಬರೂ ಸೇರಿ ಕಾರ್ಟನ್ನು ಸ್ಟ್ಯಾಂಡಿನಿಂದ ನೆಲಕ್ಕಿಳಿಸಿದರು. ಗಾಳಿಯಲ್ಲಿ ತಿರುಗುವ ಚಕ್ರ ಸುಳ್ಳು ಹೇಳುತ್ತದೆ, ನೆಲ ಕಚ್ಚಿದ ಚಕ್ರದ್ದೇ ಸತ್ಯ. ಭಾಮೈದ ಸೀಟಿನಲ್ಲಿ ಕೂತು ಬ್ರೇಕು ಒತ್ತಿದ. ಹಗ್ಗ ಎಳೆದ ಕೂಡಲೇ ಎಂಜಿನ್ನು ಹತ್ತಿಕೊಂಡಿತು. ಇವನು ಬಾಗಿ, ಬೆನ್ನಿನಿಂದ ಮರೆಮಾಡಿ, ಸ್ಕ್ರೂಡ್ರೈವರು ಕಚ್ಚಿ, ಸ್ಲೋ ಸ್ಕ್ರೂ ತಿರುಗಿಸಿದ. ದವಡೆಯೊಳಗೆ ಗುನುಗು ಹಿತವಾಗಿ, ಹೊಟ್ಟೆ ತುಂಬಿದ ಬೆಕ್ಕಿನ ಹಾಗಿತ್ತು. ಇನ್ನು ಸ್ವಲ್ಪ. ಇನ್ನೊಂದು ಸುತ್ತು. ಸರಿ, ಇದೇ. ಎಷ್ಟೋ ದಿನದ ಮೇಲೆ ಕೈಗೆ ಹಳೆಯ ನಂಬಿಕೆ ಬಂದಂತಾಗಿ ಅವನು ತಲೆಯೆತ್ತಿದ. ಭಾಮೈದ ಮುಖ ಕಿವುಚಿಕೊಂಡು, ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದ. ಬಾಯಿ ಆಡುತ್ತಿತ್ತು.

"ಹೂಂ," ಅಂದ ಇವನು.

ಭಾಮೈದನ ಕೈ ಕಿವಿಯಿಂದ ನಿಧಾನವಾಗಿ ಕೆಳಗಿಳಿಯಿತು. ಅವನು ಬೆಲ್ಟನ್ನು ನೋಡಿದ, ಇವನನ್ನು ನೋಡಿದ, ಇವನ ಬಾಯಿಯ ಹತ್ತಿರದ ಸ್ಕ್ರೂಡ್ರೈವರನ್ನು ನೋಡಿದ. ಮೂರು ಬೆರಳಿನ ಆ ಬಲಗೈಯನ್ನು ಎತ್ತಿ ತನ್ನ ಬಾಯಿಗೆ ಅಡ್ಡ ಹಿಡಿದ. ಆಕಳಿಸುತ್ತಿದ್ದಾನೆ ಅಂದುಕೊಂಡ ಇವನು. ಕೈ ಇಳಿಯಿತು. ಕಣ್ಣು ಮಾತ್ರ ಉತ್ತರ ಕಾಯುತ್ತಿತ್ತು. ಏನೋ ಕೇಳಿರಬೇಕು.

"ಹೂಂ," ಅಂದ.

ಭಾಮೈದ ಹಿಂದಕ್ಕೆ ಕೈ ಚಾಚಿ ಸ್ವಿಚ್ಚು ಆರಿಸಿದ. ಸುಟ್ಟ ರಬ್ಬರಿನ ವಾಸನೆ ಆಗ ಇವನ ಮೂಗಿಗೆ ತಲುಪಿತು.

"ಬೆಲ್ಟು ಕತ್ತು ಹಿಸುಕಿದ ಹಂದಿ ಥರ ಕಿರುಚ್ತಿತ್ತು ಭಾವ. ಆಚೆ ರಸ್ತೇಲಿ ಹೋಗೋರು ನಿಂತು ನೋಡಿದ್ರು. ಅಷ್ಟು ಏರ್ಸಿದೀರಾ ಸ್ಲೋನ."

"ಗೊತ್ತು. ಹೊಸ ಬೆಲ್ಟು. ಪಳಗೋವರ್ಗೂ..."

"ಆಮೇಲೆ ನಾನೇನು ಕೇಳ್ದೆ?"

"ಅದೇ. ಬೆಲ್ಟಿನ ವಿಷ್ಯ."

"ಬೆಲ್ಟಲ್ಲ." ಭಾಮೈದ ಪ್ರತಿ ಮಾತನ್ನೂ ಬಿಡಿಸಿ ಬಿಡಿಸಿ, ತನ್ನ ಅಕ್ಕನ ಹಾಗೆಯೇ, ತುಟಿಯಿಂದ ಎತ್ತಿಕೊಟ್ಟ. "ಅವತ್ತು ನಾನು ಊಹೂಂ ಅಂದಿದ್ದೆ, ಅಲ್ವಾ ಅಂತ ಕೇಳ್ದೆ. ನೀವು ಹೂಂ ಅಂದ್ರಿ."

ತಗಡಿನ ಮೇಲೆ ಬಿಸಿಲು ಏರಿ ಎಲ್ಲೋ ಒಂದು ಹಾಳೆ ಉಬ್ಬಿರಬೇಕು, ಅದರ ಅದುರು ಕಾಲಡಿಗೆ ಬಂತು. ಇವನು ಬೆಲ್ಟನ್ನು ಮುಟ್ಟಿ ನೋಡಿದ, ಸುಟ್ಟಿತು, ಕೈ ತೆಗೆಯಲಿಲ್ಲ. ಸಿಕ್ಕಿಬಿದ್ದ ಕಳ್ಳನಿಗೆ ಮೊದಲು ನಾಚಿಕೆಯಾಗುವುದಿಲ್ಲ, ಸಿಟ್ಟು ಬರುತ್ತದೆ. ಮೋಸದಿಂದ ಕೇಳಿದೆ ನೀನು, ಅನ್ನಬೇಕೆನಿಸಿತು. ನೀನೂ, ನಿನ್ನ ಅಕ್ಕನೂ. ಬೆನ್ನು ಹಾಕಿ ಕೇಳಿದ್ದಳಲ್ಲ, ಮಲಗಿದವನ ಹೆಬ್ಬೆಟ್ಟು ಹಿಡಿದು ಕಾಗದಕ್ಕೆ ಒತ್ತಿಸಿಕೊಂಡ ಹಾಗೆ. ಕಾಗದ ಅಂದಾಗ ಸಿಟ್ಟು ತಾನಾಗಿ ತಣ್ಣಗಾಯಿತು.

"ಹಂಗಾದ್ರೆ ಬೆಳಿಗ್ಗೆ ಅಕ್ಕ ಕೇಳಿದ್ದೂ ಕೇಳ್ಸಿರ್ಲಿಲ್ಲ," ಅಂದ ಭಾಮೈದ. ನಗು ಅವನ ಮುಖದಿಂದ ಪೂರ್ತಿ ಹೋಗಿತ್ತು. "ನಾಳೆ ನನ್ನ ತಮ್ಮನ ಪರ ನಿಜ ಹೇಳ್ತೀರಾ ಅಂತ ಕೇಳಿದ್ಲು. ಹೂಂ ಅಂದ್ರು ಅಂತ ಫೋನಲ್ಲಿ ಅಳ್ತಿದ್ಲು. ಬರೀ ಗಾಳೀಲಿ ಅಂದ ಹೂಂಗೆ ನಾನು ಡಬ್ಬಿ ಹೊತ್ಕೊಂಡು ಬಂದೆ."

"ನೋಡು ಕಣೋ..."

"ನೀವು ನೋಡಿ. ಎಂಟು ತಿಂಗಳಿಂದ ಕನ್ನಡಿ ಮುಂದೆ ನಿಂತು ಅಂದು ನೋಡ್ತಿದೀನಿ. ಹೂಂ. ಊಹೂಂ. ಹೂಂ. ಹುಚ್ಚು ಹಿಡೀತು ಅಂದ್ಲು ನನ್ನ ಹೆಂಡ್ತಿ. ಬೆರಳು ಹೋಗಿದ್ದಕ್ಕಲ್ಲ ಭಾವ. ಭಾವ ಸುಳ್ಳು ಹೇಳೋರಲ್ಲ, ಮೀಟರ್ ಅವ್ರು, ಅವ್ರಿಗೆ ಹೂಂ ಅಂತ ಕೇಳ್ಸಿದೆ ಅಂದ್ರೆ ನಾನೇ ಹೂಂ ಅಂದಿರ್ಬೇಕು, ನನ್ನ ಬಾಯೇ ನನ್ನ ಕೈ ಕಡಿಸ್ತು ಅಂದ್ಕೊಂಡಿದ್ದೆ."

ಇದನ್ನು ಇವನು ಎಣಿಸಿಯೇ ಇರಲಿಲ್ಲ. ಭಾಮೈದ ತನ್ನನ್ನು ಶಪಿಸುತ್ತಿದ್ದಾನೆ ಅಂದುಕೊಂಡಿದ್ದ, ಅದರಲ್ಲೊಂದು ಸಮಾಧಾನವೂ ಇತ್ತು. ಶಾಪ ತಿನ್ನುವವನು ಅರ್ಧ ದಂಡ ತೆತ್ತವನಲ್ಲವೇ. ಅವನು ಶಪಿಸಿರಲಿಲ್ಲ, ನಂಬಿದ್ದ. ಬೆರಳು ತೆಗೆದದ್ದು ಸಾಲದೆ ಅವನ ನಾಲಗೆಯ ಮೇಲಿನ ನಂಬಿಕೆಯನ್ನೂ ತೆಗೆಯಲಾಗಿತ್ತು. ತೆಗೆಯಲಾಗಿತ್ತಲ್ಲ. ತೆಗೆದೆ. ನಾನು ತೆಗೆದೆ. ಇವನು ನೆಲದ ಮೇಲೆ, ಎಣ್ಣೆಯ ಕಲೆಗಳ ನಡುವೆ, ಕೂತುಬಿಟ್ಟ.

"ನಂಗೆ ಕೇಳ್ಸಲ್ಲ," ಅಂದ. ಯಾರಿಗಾದರೂ ಹೇಳಿದ್ದು ಇದೇ ಮೊದಲು. "ಎರಡು ವರ್ಷ ಆಯ್ತು. ನಾಳೆ ಅದನ್ನ ಹೇಳಿದ್ರೆ ನಾಡಿದ್ದು ಗೇಟಿನಿಂದ ಆಚೆ. ಕಿವುಡು ಮೇಸ್ತ್ರಿನ ಯಾರು ಇಟ್ಕೋತಾರೆ?"

"ಯಾರೂ ಇಟ್ಕೊಳಲ್ಲ," ಅಂದ ಭಾಮೈದ. ಬೆಂಚಿನ ಮೇಲಿನ ಸ್ಪ್ಯಾನರು ಎತ್ತಿಕೊಂಡ. "ಮೂರು ಬೆರಳಿನವನ್ನೂ ಇಟ್ಕೊಳಲ್ಲ. ಹೇಳಿ ಅಂತ ನಾನು ಇನ್ನೊಂದ್ಸಲ ಕೇಳಲ್ಲ ಭಾವ. ಏಳಿ, ಆ ಬಿರುಸಿನ ಸ್ಪ್ರಿಂಗ್ ಕೊಡಿ. ಇದನ್ನ ಹಿಂಗೇ ಬಿಟ್ರೆ ಟಿಕೆಟ್ ಹರಿಯೋ ಹೆಂಗಸಿನ ಕಾಲು ಮುರಿಯುತ್ತೆ. ಕೂತೋರಿಗೆ ಸೀಟಿನ ಪಟ್ಟಿ ಕಟ್ಟೋಕೆ ಗಾಡಿ ಮುಂದೆ ಬಾಗೋಳು ಅವಳೇ."

ಪುಲ್ಲಿ ಬಿಚ್ಚಿ ಸ್ಪ್ರಿಂಗು ಬದಲಿಸಿದರು. ಎಂಜಿನ್ನು ಮತ್ತೆ ಹಚ್ಚಿದರು. ಇವನ ಕೈ ಸ್ಕ್ರೂವಿನ ಮೇಲೆ, ಭಾಮೈದನ ಕೈ ಇವನ ಭುಜದ ಮೇಲೆ. ಬೆಲ್ಟು ಉಜ್ಜಿದ ಸದ್ದು ಅವನಿಗೆ ಕೇಳಿಸಿದಾಗ ಭುಜವನ್ನು ಒತ್ತುತ್ತಿದ್ದ, ಇವನು ಸ್ಕ್ರೂ ಇಳಿಸುತ್ತಿದ್ದ. ಒತ್ತಿದ. ಇಳಿಸಿದ. ಒತ್ತಿದ. ಆಮೇಲೆ ಒತ್ತಲಿಲ್ಲ. ಮೂರು ಬೆರಳಿನ ಭಾರ ಅಲ್ಲೇ ಸುಮ್ಮನೆ ಕೂತಿತ್ತು. ತನ್ನ ಹನಿಯುತ್ತಿದ್ದ ಮೂಗನ್ನು ಇವನು ತೋಳಿಗೆ ಒರೆಸಿಕೊಂಡ. ಬ್ರೇಕು ಬಿಟ್ಟರೂ ಗಾಡಿ ಕೂದಲೆಳೆಯಷ್ಟೂ ಅಲುಗಲಿಲ್ಲ.

ಯಜಮಾನ ಮೂರಕ್ಕೆ ಹತ್ತು ನಿಮಿಷವಿರುವಾಗ ಬಂದ. ಭಾಮೈದ ಹಿಂದಿನ ಗೇಟಿನ ಕಂಬದ ಬಳಿ ಸರಿದು ನಿಂತ, ಅಡಗಲಿಲ್ಲ. "ಏನೋ ಮುಕ್ಕಾಲು ಕೈ, ನಾಳೆ ಗೆಲ್ತೀಯಂತೆ?" ಅಂದ ಯಜಮಾನ ನಗುತ್ತ, ಉತ್ತರಕ್ಕೆ ಕಾಯದೆ ತನ್ನ ಸ್ವಂತ ಹೆಲ್ಮೆಟ್ಟು ತರಿಸಿಕೊಂಡು, ಒಳಗೆ ದಪ್ಪನೆ ಮೆತ್ತೆಯಿದ್ದ ಕೆಂಪು ಹೆಲ್ಮೆಟ್ಟು, ತಲೆಗೆ ಹಾಕಿ ಕೂತ. ಇವನು ಹಗ್ಗ ಎಳೆದ. ಎಂಜಿನ್ನು ಗುನುಗಿತು, ಗಾಡಿ ನಿಂತೇ ಇತ್ತು. ಯಜಮಾನ ಹೆಲ್ಮೆಟ್ಟಿನ ಗಾಜು ಸರಿಸಿ ಬುಡದ ದನಿಯಲ್ಲಿ ಕೂಗಿದ: "ನಾಳೆ ಹೇಳ್ಕೊಟ್ಟಂಗೇ ಹೇಳ್ತೀಯಲ್ಲ ಮೀಟರ್?"

"ಊಹೂಂ," ಅಂದ ಇವನು.

ಯಜಮಾನ ಹೆಬ್ಬೆರಳೆತ್ತಿ ತೋರಿಸಿ, ಗಾಜು ಇಳಿಸಿ, ಪೆಡಲು ಒತ್ತಿದ.

ಹೂಂ ಅಂತ ಕೇಳಿಸಿದೆ ಅವನಿಗೆ. ಹೊರಟುಹೋದ ಕಾರ್ಟಿನ ಹಿಂದೆ ಇವನು ಬಾಯಿ ತೆರೆದು ನಿಂತ. ಪುಲ್ಲಿ ಬೆಲ್ಟನ್ನು ಹಿಡಿದ ಬಗೆ ಎಷ್ಟು ಚೆಂದವಿತ್ತೆಂದರೆ ಆ ಹೊತ್ತಿನಲ್ಲೂ ಕಣ್ಣು ಅದನ್ನೇ ನೋಡಿತು: ಜಗ್ಗದೆ, ಎಗರದೆ, ಕೈಹಿಡಿದು ಎಬ್ಬಿಸಿದ ಹಾಗೆ. ಮೊದಲ ತಿರುವು. ಹೇಳಿದ್ದಾಯಿತಲ್ಲ, ಅಂತ ಒಳಗಿನವನು ಪಿಸುಗುಟ್ಟಿದ. ನೀನು ಹೇಳಿದೆ, ಅವನಿಗೆ ಕೇಳಿಸಲಿಲ್ಲ, ತಪ್ಪು ಯಾರದು? ಎರಡನೇ ತಿರುವು. ಭಾಮೈದನ ಕಡೆ ತಿರುಗಿದ. ಅಷ್ಟು ದೂರದಿಂದ ಅವನಿಗೂ ಕೇಳಿಸಿರಲಿಲ್ಲ. ಅವನು ಕಂಡದ್ದು ಯಜಮಾನನ ಹೆಬ್ಬೆರಳನ್ನು ಮಾತ್ರ. ಅವನು ಆಗಲೇ ಬೆನ್ನು ತಿರುಗಿಸಿ ಗೇಟಿನ ಚಿಲಕ ತೆಗೆಯುತ್ತಿದ್ದ. ನಾಳೆಗೆ ಇನ್ನೂ ಹೊತ್ತಿದೆ, ಅಂದ ಒಳಗಿನವನು. ನಾಳೆ ಆ ಕೋಣೆಯಲ್ಲಿ ಫ್ಯಾನು ತಿರುಗುತ್ತದೆ, ಗುಮಾಸ್ತ ತಲೆ ತಗ್ಗಿಸಿ ಕೇಳುತ್ತಾನೆ, ನೀನು ಹೂಂ ಅನ್ನುತ್ತೀಯ. ಮೂರನೇ ತಿರುವು. ಇವನು ಗೋಡೆಯ ಕೆಂಪು ಬಾವುಟ ಕಿತ್ತುಕೊಂಡು ಓಡಿಹೋಗಿ ಹೊರಡುವ ಗೆರೆಯ ಮೇಲೆ, ಟ್ರ್ಯಾಕಿನ ನಟ್ಟನಡುವೆ, ನಿಂತ.

ಕಾರ್ಟು ತಿರುವು ಮುಗಿಸಿ ನೇರ ಹಾದಿಗೆ ಬಂತು. ಬಾವುಟ ಕಂಡಿತೋ ಇಲ್ಲವೋ. ಕಂಡಿತು, ಟಯರು ಮಣ್ಣು ಉಗುಳಿತು, ಮೂತಿ ಬಂದು ಇವನ ಮೊಣಕಾಲಿನಿಂದ ಗೇಣು ದೂರದಲ್ಲಿ ನಿಂತಿತು. ಯಜಮಾನ ಎರಡೂ ಕೈ ಮೇಲೆತ್ತಿ, ಎರಡೂ ಪೆಡಲಿನಿಂದ ಕಾಲು ತೆಗೆದು ಏನೋ ಬೈಯುತ್ತಿದ್ದ. ಎಂಜಿನ್ನು ಗುನುಗುತ್ತಿತ್ತು. ಮೆತ್ತಗಿನ ಸ್ಪ್ರಿಂಗಾಗಿದ್ದರೆ ಈಗ ಗಾಡಿ ತೆವಳಿ ಕಾಲಿನ ಮೂಳೆಗೆ ಬರುತ್ತಿತ್ತು. ಬರಲಿಲ್ಲ. ಇವನು ಆ ಅಲುಗದ ಚಕ್ರಗಳನ್ನು ಒಂದು ಗಳಿಗೆ ನೋಡಿದ, ಆಮೇಲೆ ಬಳಸಿ ಹೋಗಿ ಸ್ವಿಚ್ಚು ಆರಿಸಿದ. ಗೇಟಿನ ಬಳಿ ಭಾಮೈದ ಚಿಲಕದ ಮೇಲೆ ಕೈಯಿಟ್ಟುಕೊಂಡೇ ತಿರುಗಿ ನಿಂತಿದ್ದ.

"ನಿಮಗೆ ಕೇಳ್ಸಿದ್ದು ತಪ್ಪು ಯಜಮಾನ್ರೇ," ಅಂದ ಇವನು. ತನ್ನ ದನಿ ಎಷ್ಟು ಜೋರಾಗಿದೆಯೆಂದು ತನಗೇ ಗೊತ್ತಾಗಲಿಲ್ಲ, ರಸ್ತೆಯವರೆಗೂ ಹೋಗಿರಬೇಕು. "ನಾನಂದಿದ್ದು ಊಹೂಂ. ಅವನೂ ಅವತ್ತು ಅಂದಿದ್ದು ಊಹೂಂ. ಊ ನಂಗೆ ಕೇಳ್ಸಿರ್ಲಿಲ್ಲ."

ಗಾಜಿನ ಹಿಂದೆ ಯಜಮಾನನ ತುಟಿ ಆಡಿತು, ಸ್ವಲ್ಪ ಹೊತ್ತೇ ಆಡಿತು. ನಾಲಗೆಯ ತುದಿಗೆ ಎರಡು ವರ್ಷದ ರೂಢಿ ಬಂದು ಕೂತಿತು. ಇವನು ಅದನ್ನು ನುಂಗಿಕೊಂಡ.

"ಕೇಳ್ಸಿಲ್ಲ," ಅಂದ. "ಹೆಲ್ಮೆಟ್ ತೆಗೆದು ಹೇಳಿ."